ಬಚ್ಚಲಲ್ಲಿ ಹುಟ್ಟಿದ ಪ್ರಶ್ನೆ

ಮಿದುಳಿನ ಸಂಶೋಧಕರು ದಿನವಿಡೀ ಮಾಡುವುದಾದರೂ ಏನು? ಕೊಪ್ಪಳದ ಹತ್ತಿರದ ಗಿಣಿಗೇರಾದ ಕಡೆಯಿಂದ ಪಿಯುಸಿ ವಿಜ್ಞಾನಕ್ಕೆ ಬರುವ ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಕೆಲಸವನ್ನು ಅವರಿಗೆ ಬಿಡಿಸಿ ಹೇಳಬೇಕಿಲ್ಲ, ಮನೆಯಲ್ಲೇ ಯಾರಾದರೂ ಪಾಳಿಗೆ ಹೋಗುವವರಿರುತ್ತಾರೆ. ಮಿದುಳಿನ ಕೆಲಸ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನಾನು ದೂರದ ದೊಡ್ಡ ಹೆಸರುಗಳನ್ನು ಬಿಟ್ಟು, ತಲೆಗೆ ಬಿಸಿನೀರು ಎರೆದುಕೊಂಡಾಗ ಬರುವ ಫಿಟ್ಸಿನಿಂದ ಪಾಠ ಶುರುಮಾಡುತ್ತೇನೆ.

ಮೊದಲು ಫಿಟ್ಸ್ ಎಂದರೇನು ನೋಡೋಣ. ಮಿದುಳಿನ ನರಕೋಶಗಳು ಸಣ್ಣ ಸಣ್ಣ ವಿದ್ಯುತ್ ಮಿಡಿತಗಳಿಂದ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಸಾಮಾನ್ಯವಾಗಿ ಒಂದು ಮಿಡಿದರೆ ಇನ್ನೊಂದು ಸುಮ್ಮನಿರುತ್ತದೆ. ಈ ಹದ ತಪ್ಪಿ ಸಾವಿರಾರು ಕೋಶಗಳು ಒಟ್ಟಿಗೇ ಮಿಡಿದಾಗ ಮನುಷ್ಯ ಶೂನ್ಯವಾಗಿ ನೋಡುತ್ತ ಕೂರಬಹುದು, ಅರ್ಥವಿಲ್ಲದ ಮಾತಾಡಬಹುದು, ಕೈಕಾಲು ಸೆಟೆದು ಬೀಳಬಹುದು. ತಲೆಗೆ ತಂತಿ ಅಂಟಿಸಿ ತೆಗೆಯುವ ಇಇಜಿಯಲ್ಲಿ ಆ ಮಿಡಿತಗಳು ಗೆರೆಗಳಾಗಿ ಮೂಡುತ್ತವೆ.

ಕೆಲವರಿಗೆ ಇದು ಬಚ್ಚಲಲ್ಲೇ ಬರುತ್ತದೆ. 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ತಂಬಿಗೆಯ ಮೇಲೆ ತಂಬಿಗೆ ತಲೆಗೆ ಸುರಿದುಕೊಳ್ಳುವಾಗ ಬರುತ್ತದೆ. ಇನ್ನೂ ವಿಚಿತ್ರವೆಂದರೆ, ಫಿಟ್ಸ್ ಬರುವ ಹೊತ್ತಿಗೆ ಕೆಲವರಿಗೆ ಒಂದು ಬಗೆಯ ಹಿತ ಆಗಿ, ನಿಲ್ಲಿಸಲಾರದೆ ಸುರಿದುಕೊಳ್ಳುತ್ತಲೇ ಹೋಗುತ್ತಾರೆ. ಮನೆಯವರು ಇದನ್ನು ಗಾಳಿ ಸೋಂಕು ಎಂದರೆ ಅವರನ್ನು ಬೈಯುವ ಮನಸ್ಸು ನನಗಿಲ್ಲ. ಜಳಕಕ್ಕೆ ಹೋದಾಗ ಮಾತ್ರ ಬರುವ ಕಾಯಿಲೆಯನ್ನು ಯಾರು ತಾನೇ ಮಿದುಳಿಗೆ ಜೋಡಿಸಿಯಾರು?

ಜೋಡಿಸಿದವರು ಬೆಂಗಳೂರಿನ ನರರೋಗತಜ್ಞ ಕೆ. ಎಸ್. ಮಣಿ. 1945ರಲ್ಲೇ ನ್ಯೂಜಿಲೆಂಡಿನ ವೈದ್ಯ ಅಲೆನ್ ಇಂಥದ್ದನ್ನು ವರದಿ ಮಾಡಿದ್ದರೂ ಅದು ಅಪರೂಪದ ಸಂಗತಿಯಾಗಿ ಉಳಿದಿತ್ತು. ಮಣಿ ಮತ್ತು ಸಂಗಡಿಗರು 1968ರಲ್ಲಿ ತಮ್ಮ ಮೊದಲ ವರದಿ ಬರೆದರು. 1974ರ ಹೊತ್ತಿಗೆ 108 ಮಂದಿಯ ವಿವರ, ಇಇಜಿ ಸಮೇತ, ಅವರ ಕೈಲಿತ್ತು. ರೋಗಿ ಹೇಳಿದ್ದನ್ನು ನಂಬಿ ಬರೆದಿಟ್ಟುಕೊಳ್ಳುವ ಈ ಕೆಲಸಕ್ಕೆ ಇಇಜಿ ಬಿಟ್ಟರೆ ಬೇರೆ ಯಂತ್ರವೇನೂ ಬೇಕಿರಲಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಕಥೆಯ ದೊಡ್ಡ ಹೆಜ್ಜೆ ಇದೇ.

ಬಿಸಿನೀರಿಗೆ ಫಿಟ್ಸ್ ಏಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಮುಂದೆ ದಶಕಗಳ ಕಾಲ ಹಿಡಿದವರು ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ. 1988ರಲ್ಲಿ ಅವರ ತಂಡ 279 ರೋಗಿಗಳ ಅಧ್ಯಯನವನ್ನು ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿತು. ಅವರು ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರೂ ಆದರು. ಆ ಹುದ್ದೆಗಿಂತ ಒಂದೇ ಪ್ರಶ್ನೆಯನ್ನು ಅವರು ಎಷ್ಟು ಕಡೆಯಿಂದ ತಟ್ಟಿದರು ಎಂಬುದರಲ್ಲಿ ನನಗೆ ಆಸಕ್ತಿ.

ಆಸ್ಪತ್ರೆಯ ಲೆಕ್ಕದಲ್ಲಿ ಒಂದು ತೊಡಕಿದೆ. ಅಲ್ಲಿಗೆ ಬಂದವರು ಮಾತ್ರ ಎಣಿಕೆಗೆ ಸಿಗುತ್ತಾರೆ. ಬಸ್ಸಿನ ದುಡ್ಡಿಲ್ಲದವರು, ನಾಚಿಕೊಂಡವರು ಸಿಗುವುದಿಲ್ಲ. ಹಾಗಾಗಿ ಮನೆಮನೆಗೆ ಹೋಗಬೇಕು. ಬೆಂಗಳೂರಿನ ನಗರ ಮತ್ತು ಹಳ್ಳಿಗಳ ಸಮೀಕ್ಷೆಯಲ್ಲಿ ಲಕ್ಷಕ್ಕೆ 60 ಮಂದಿಗೆ ಈ ಕಾಯಿಲೆ ಕಂಡಿತು. ಮಣಿ ಅವರು ಯಳಂದೂರಿನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ 255! ಕಾವೇರಿ ಸೀಮೆಯ ಒಂದು ತಾಲೂಕು ಹೀಗೆ ಜಗತ್ತಿನ ನರವಿಜ್ಞಾನದ ಪುಟಗಳಿಗೆ ಸೇರಿತು.

ಇಲ್ಲಿ ಮಕ್ಕಳು ಕೇಳಬೇಕಾದ ಪ್ರಶ್ನೆಯೊಂದಿದೆ. ಗಿಣಿಗೇರಾದಲ್ಲೂ ಹಂಡೆಯ ನೀರನ್ನೇ ತಲೆಗೆ ಎರೆದುಕೊಳ್ಳುತ್ತೇವಲ್ಲ, ಎಲ್ಲರಿಗೂ ಯಾಕೆ ಬರುವುದಿಲ್ಲ? ಒಂದೇ ಹಂಡೆ, ಒಂದೇ ಬಚ್ಚಲು, ಆದರೂ ಅಣ್ಣನಿಗೆ ಬಂದು ತಮ್ಮನಿಗೆ ಬರದಿರಬಹುದು. ಅಂದಮೇಲೆ ರೂಢಿಯೊಂದೇ ಕಾರಣವಲ್ಲ. ಕೆಲವು ಮನೆತನಗಳಲ್ಲಿ ಹಲವರಿಗೆ ಇದು ಬರುವುದನ್ನು ವೈದ್ಯರು ಗಮನಿಸಿದ್ದರು. ಸತೀಶ್ಚಂದ್ರ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ಜೊತೆ ಸೇರಿ ಅಂಥ ಕುಟುಂಬಗಳ ಡಿಎನ್‌ಎ ಪರೀಕ್ಷಿಸಿದರು. 2009ರಲ್ಲಿ, ಕಾರಣವಾದ ಜೀನ್ ಎಲ್ಲಿರಬಹುದು ಎಂಬುದಕ್ಕೆ ಎರಡು ಸುಳಿವು ಸಿಕ್ಕವು. ಒಂದು 10ನೇ ವರ್ಣತಂತುವಿನಲ್ಲಿ, ಇನ್ನೊಂದು 4ನೆಯದರಲ್ಲಿ. ಅದು ಪೂರ್ತಿ ವಿಳಾಸವಲ್ಲ, ಹುಡುಕಬೇಕಾದ ಓಣಿ ಮಾತ್ರ.

ಇಲಿಗಳ ಮೇಲೂ ಪ್ರಯೋಗ ನಡೆಯಿತು. ಬಿಸಿನೀರಿನಿಂದ ಇಲಿಯ ಮೈ ಕಾವೇರಿಸಿದರೆ ಅದಕ್ಕೂ ಫಿಟ್ಸ್ ಬಂತು. ಮತ್ತೆ ಮತ್ತೆ ಹಾಗೆ ಮಾಡಿದಾಗ ಮೊದಲಿಗಿಂತ ಕಡಿಮೆ ಕಾವಿಗೇ ಬರತೊಡಗಿತು. ರೋಗಿಗಳಲ್ಲಿ ಕೆಲವರಿಗೆ ವರ್ಷಗಳು ಕಳೆದಂತೆ ಬಚ್ಚಲಿನಾಚೆಯೂ ಫಿಟ್ಸ್ ಬರುವುದೇಕೆ ಎಂಬುದನ್ನು ಯೋಚಿಸಲು ಇದೊಂದು ದಾರಿ.

ಒಬ್ಬ ಸಂಶೋಧಕರ ಪ್ರಭಾವವನ್ನು ಅಳೆಯಲು ಪ್ರಶಸ್ತಿಪಟ್ಟಿ ನೋಡುವ ರೂಢಿಯಿದೆ. ನಾನು ನೋಡುವುದು ಅವರ ಪ್ರಶ್ನೆಯನ್ನು ಬೇರೆ ಯಾರು ಎತ್ತಿಕೊಂಡರು ಎಂಬುದನ್ನು. ಟರ್ಕಿಯ ವೈದ್ಯರು ತಮ್ಮ ರೋಗಿಗಳ ಬಗ್ಗೆ ಬರೆದಾಗ ಹೋಲಿಸಿ ನೋಡಿದ್ದು ಕರ್ನಾಟಕದ ಅಂಕಿಗಳನ್ನು. ಚಿಕಿತ್ಸೆಯೂ ಇದೇ ಕೆಲಸದಿಂದ ಹುಟ್ಟಿತು: ನೀರಿನ ಬಿಸಿ ತಗ್ಗಿಸುವುದು, ತಲೆಗೆ ಸುರಿದುಕೊಳ್ಳದೆ ಮೈ ಒರೆಸಿಕೊಳ್ಳುವುದು. ಅದು ಸಾಲದಿದ್ದರೆ ವೈದ್ಯರ ಸಲಹೆಯಂತೆ ಜಳಕಕ್ಕೆ ಮುಂಚೆ ಫಿಟ್ಸ್ ತಡೆಯುವ ಕ್ಲೊಬಜಾಂ ಮಾತ್ರೆ. ಬಚ್ಚಲಿನಾಚೆಯೂ ಫಿಟ್ಸ್ ಬರುವವರಿಗೆ ಮಾತ್ರ ದಿನವೂ ಔಷಧಿ ಬೇಕಾಗುತ್ತದೆ.