ಪಿಚ್ಚರ್ ನೋಡಿ ಬಂದವರೇ, ಒಂದೀಟು ಕುಂದ್ರಿ

ಗದಗಿನಿಂದ ಮುಳಗುಂದ ರೋಡು ಹಿಡಿದರೆ ನಮ್ಮ ಮಲ್ಲಸಮುದ್ರ. ರೊಟ್ಟಿ ಬಡಿದು ಮಾರುವುದು ನನ್ನ ಕೆಲಸ. ಜಿಮ್ಸ್ ದವಾಖಾನೆಗೆ ಪೇಶೆಂಟ್ ಕರಕೊಂಡು ಬಂದವರು, ಅಲ್ಲೇ ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರು, ನಮ್ಮ ಓಣಿಯ ಪಡ್ಡೆಗಳು, ಎಲ್ಲರೂ ಸಂಜೆ ಬಿಸಿರೊಟ್ಟಿಗೆ ಅಂತ ಬಂದು ಮನೆಕಟ್ಟೆ ಹಿಡಿದು ಕೂತಿರುತ್ತಾರೆ. ರೊಟ್ಟಿ ಬೇಯುವ ತನಕ ಮಾತು ಬೇಕಲ್ಲ, ಮಾತೆಂದರೆ ಪಿಚ್ಚರು. ಕೈ ಹಂಚಿನ ಮೇಲಿದ್ದರೂ ನನ್ನ ಕಿವಿ ಕಟ್ಟೆಯ ಮೇಲೇ. ಹೀಗೆ ಕೇಳಿ ಕೇಳಿ ನಿಮಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿದೆ. ಬ್ಯಾಸರ ಮಾಡಿಕೊಳ್ಳಬೇಡಿ.

ಮೊನ್ನೆ ಒಬ್ಬ ಹುಡುಗ ಗದಗಿನಲ್ಲಿ ಮ್ಯಾಟ್ನಿ ಮುಗಿಸಿ ಬಂದ. ಕಟ್ಟೆ ಮೇಲಿದ್ದವರು, "ಹೆಂಗೈತಿಲೇ?" ಅಂದರು. ಮೊಬೈಲಿನಿಂದ ಮುಖ ಎತ್ತದೆ, "ವೇಸ್ಟ್" ಅಂದ. ಮುಗಿಯಿತು. ಎರಡೂವರೆ ತಾಸು ಕೂತದ್ದು, ಬೈಕಿಗೆ ಹಾಕಿದ ಎಣ್ಣೆ, ಟಿಕೀಟಿನ ರೊಕ್ಕ, ಎಲ್ಲ ಕೂಡಿ ಅವನ ಬಾಯಿಂದ ಹೊರಬಿದ್ದದ್ದು ಅಷ್ಟೇ. ಹಿಂದಿನ ವಾರದ ಪಿಚ್ಚರಿಗೆ ಅವನೇ "ಬೆಂಕಿ" ಅಂದಿದ್ದ. ಬೆಂಕಿ ಅಲ್ಲದಿದ್ದರೆ ವೇಸ್ಟು, ಎರಡೂ ಅಲ್ಲದಿದ್ದರೆ "ಒಂದ್ಸಲ ನೋಡಬಹುದು". ಅಲ್ರಿ, ಬಹಳಷ್ಟು ಮಂದಿ ಯಾವ ಪಿಚ್ಚರನ್ನಾದರೂ ಒಂದೇ ಸಲ ನೋಡುವುದು. ಅದರಲ್ಲಿ ಹೇಳಿದ್ದೇನು ಬಂತು?

ಅದೇ ಹುಡುಗ ನನ್ನ ರೊಟ್ಟಿ ತಿನ್ನುವಾಗ ಮಾತಾಡುವುದನ್ನು ಕೇಳಬೇಕು ನೀವು. "ಹಿಟ್ಟು ಹಳೇದೇನ್ರಿ ಚಿಗವ್ವಾ, ಅಂಚು ಸೀಳ್ಯಾವು. ಬದನಿಕಾಯಿ ಪಲ್ಯಾಕ್ಕ ಗುರೆಳ್ಳು ಇನ್ನೀಟು ಬೇಕಿತ್ತು." ಅವನು ಹೇಳಿದ್ದು ಖರೇ. ಜೋಳದ ಹಿಟ್ಟು ಬೀಸಿಟ್ಟು ಹಳೆಯದಾದರೆ ಜಿಗಿ ಹೋಗಿಬಿಡುತ್ತದೆ, ಎಷ್ಟು ನಾದಿದರೂ ಬಡಿಯುವಾಗ ಅಂಚು ಬಿಡುತ್ತದೆ. ಮರುದಿನ ಹೊಸ ಹಿಟ್ಟು ಬೀಸಿಸಿದೆ. ಅವನು ರೊಟ್ಟಿಗೂ "ವೇಸ್ಟ್" ಅಂದಿದ್ದರೆ ನಾನು ಬೈದು ಕಳಿಸುತ್ತಿದ್ದೆ, ರೊಟ್ಟಿ ಹಾಗೇ ಉಳಿಯುತ್ತಿತ್ತು. ನಾಲಗೆಗೆ ಇಷ್ಟು ಸೂಕ್ಷ್ಮ ಇಟ್ಟುಕೊಂಡವರು ಕಣ್ಣನ್ನು ಯಾಕೆ ಹೀಗೆ ಬಿಟ್ಟಿದ್ದೀರಿ?

ನಿಮ್ಮ ಸೀಮೆ ಯಾವುದು ಅನ್ನುವುದನ್ನಾದರೂ ನೆನೆಸಿಕೊಳ್ಳಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಗುರುತು ಹಾಕುವಾಗ ನಾಲ್ಕು ಊರು ಹೇಳುತ್ತದೆ. ಅದರಲ್ಲಿ ಪುಲಿಗೆರೆ ಒಂದು, ಅಂದರೆ ನಮ್ಮ ಮಗ್ಗಲಿನ ಲಕ್ಷ್ಮೇಶ್ವರ. ಕೊಪಣ ಇನ್ನೊಂದು, ಇತ್ತಲಾಗಿನ ಕೊಪ್ಪಳ. ಈ ನಾಡಿನ ಜನ ಓದು ಕಲಿಯದಿದ್ದರೂ ಕಾವ್ಯದ ಹದ ಬಲ್ಲವರು, ಆಡಿದ್ದನ್ನು ತೂಗಿ ನೋಡಬಲ್ಲವರು ಅಂತ ಅದೇ ಗ್ರಂಥ ಹೊಗಳಿದೆ. ಅಂಥ ಸೀಮೆಯ ಮಕ್ಕಳು ನೀವು ಬೆಂಕಿ, ವೇಸ್ಟು ಎರಡೇ ಶಬ್ದದಲ್ಲಿ ಸಂಸಾರ ನಡೆಸುತ್ತಿದ್ದೀರಿ.

ನಿಮ್ಮ ಬಾಯಿಮಾತಿಗೆ ಎಷ್ಟು ತೂಕ ಇದೆ ಅನ್ನುವುದು ನಿಮಗೇ ಗೊತ್ತಿಲ್ಲ. 2025ರ ಜುಲೈ 25ಕ್ಕೆ ‘ಸು ಫ್ರಮ್ ಸೋ’ ಬಂತಲ್ಲ, ಜೆ.ಪಿ. ತುಮಿನಾಡು ಅವರದು. ದೊಡ್ಡ ಹೀರೋ ಇಲ್ಲ, ದೊಡ್ಡ ಗದ್ದಲ ಇಲ್ಲ. ನೋಡಿದವರು ನೋಡದವರಿಗೆ ಹೇಳಿದರು, ಎರಡು ಮೂರು ದಿನದಲ್ಲಿ ಶೋ ಮೇಲೆ ಶೋ ಏರಿದವು. ನಮ್ಮ ಕಟ್ಟೆಗೆ ಬರುವ ಮಂಗಳೂರು ಕಡೆಯ ಹುಡುಗಿ ಅದನ್ನು ಹೇಳಿದ ಬಗೆ ನನಗೆ ಇನ್ನೂ ನೆನಪಿದೆ. "ಚಿಗಮ್ಮ, ನಮ್ಮ ಊರಲ್ಲಿ ಒಂದು ಮನೆಯ ವಿಷಯ ಹೇಗೆ ಇಡೀ ಊರಿನ ವಿಷಯ ಆಗ್ತದೆ ಅಂತ ನಿಮಗೆ ನೋಡ್ಬೇಕಾದ್ರೆ ಹೋಗಿ. ಮಾತು ಸ್ವಲ್ಪ ಸ್ಪೀಡುಂಟು, ಮೊದಲ ಹತ್ತು ನಿಮಿಷ ಕಿವಿ ಕೊಡಿ, ಮತ್ತೆ ಸರಿಯಾಗ್ತದೆ." ಕಥೆ ಬಿಟ್ಟುಕೊಡಲಿಲ್ಲ, ಬೆಂಕಿ ಹಚ್ಚಲಿಲ್ಲ. ನನಗೆ ಎಲ್ಲಿ ತೊಡಕಾದೀತು ಅನ್ನುವುದನ್ನೂ ಮೊದಲೇ ಹೇಳಿದಳು. ಹೋಗಿ ನೋಡಿ ಬಂದೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. (ಆ ‘ಸು’ ಅಂದರೆ ಸುಲೋಚನಾ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ಟಾಕಿಯೂ ‘ಸತಿ ಸುಲೋಚನ’. ತೊಂಬತ್ತು ವರ್ಷ ಕಳೆದರೂ ನಮಗೆ ಸುಲೋಚನೆಯೇ ಬೇಕು ನೋಡಿ.)

ಹೀಗೆ ಮಾತು ಎತ್ತಿ ನಿಲ್ಲಿಸಬಲ್ಲದು ಅಂದಮೇಲೆ ಕೆಡವಲೂ ಬಲ್ಲದು. ಅದಕ್ಕೇ ನೋಡದ ಪಿಚ್ಚರಿನ ಬಗ್ಗೆ ಬಾಯಿ ಬಿಡಬೇಡಿ. ಟ್ರೈಲರ್ ನೋಡಿ, ಗೆಳೆಯನ ಸ್ಟೇಟಸ್ ನೋಡಿ, "ಅದು ಓಡಂಗಿಲ್ಲ ಬಿಡ್ರಿ" ಅನ್ನುವವರು ಕಟ್ಟೆಗೆ ಇಬ್ಬರಾದರೂ ಇರುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಅರ್ಧಕ್ಕೆ ಎದ್ದು ಬಂದಿದ್ದರೆ ಅರ್ಧಕ್ಕೆ ಎದ್ದು ಬಂದೆ ಅಂತಲೇ ಹೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ, ಉಳಿದರ್ಧಕ್ಕೆ ತೀರ್ಪು ಕೊಡುವುದರಲ್ಲಿ ಇದೆ.

ಈ ತಪ್ಪು ನಾನೂ ಮಾಡಿದವಳೇ. ‘ತಿಥಿ’ ಬಂದಾಗ, 2016ರಲ್ಲಿ, ಹೊರದೇಶದಲ್ಲಿ ಪ್ರಶಸ್ತಿ ಬಂದಿದೆ ಅಂತ ಎಲ್ಲರೂ ಕುಣಿದಾಡಿದರು. ನೋಡಲು ಕೂತೆ. ಮಂಡ್ಯದ ಕಡೆಯ ಮಾತು ಅರ್ಧ ತಿಳಿಯಲಿಲ್ಲ. ಒಬ್ಬ ಮುದುಕ ಕುಡಿಯುತ್ತ ಅಲೆಯುತ್ತಾನೆ, ಅವನ ಮಗ ಹೊಲ ಮಾರಲು ಬದುಕಿದ್ದ ಅಪ್ಪನಿಗೇ ಸತ್ತ ಸರ್ಟಿಫಿಕೇಟ್ ಮಾಡಿಸಲು ಓಡಾಡುತ್ತಾನೆ. ನಡುವೆ ನನಗೆ ಜೊಂಪು ಹತ್ತಿತು. ಮರುದಿನ ನಳದ ಹತ್ತಿರ ನಿಂತು, "ಏನೂ ಇಲ್ಲವ್ವಾ ಅದರಾಗ" ಅಂತ ಓಣಿಗೆಲ್ಲ ಸಾರಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದು ನಾನೇ.

ಎರಡು ವರ್ಷ ಕಳೆದು ನಮ್ಮ ಮಾವನವರು ತೀರಿಕೊಂಡರು. ಮಣ್ಣು ಮಾಡಿ ಬಂದು ಇನ್ನೂ ಕಣ್ಣೀರು ಆರಿಲ್ಲ, ವಾರಸಾ ಯಾರ ಹೆಸರಿಗೆ, ಉತಾರದಾಗ ಯಾರ್ಯಾರು ಏರಬೇಕು ಅನ್ನುವ ಮಾತು ಪಡಸಾಲೆಯಲ್ಲಿ ಸುರುವಾಯಿತು. ಒಬ್ಬರು ಚಹಾ ಕುಡಿಯುತ್ತಲೇ ಝೆರಾಕ್ಸ್ ಎಷ್ಟು ಬೇಕು ಅಂತ ಎಣಿಸುತ್ತಿದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತವಳಿಗೆ ಫಕ್ಕನೆ ಆ ಪಿಚ್ಚರ್ ಕಣ್ಣಿಗೆ ಬಂತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಮೇಲೊಂದು ದಿನ ಕಟ್ಟೆಗೆ ಬರುವ ಮಂಡ್ಯದ ಹುಡುಗಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು, ಮಾತು ತಿಳಿಯದ ಕಡೆ ನಿಲ್ಲಿಸಿ ಕೇಳಿ, ಇನ್ನೊಮ್ಮೆ ನೋಡಿದೆ. ಅದಕ್ಕೇ ಹೇಳುತ್ತೇನೆ, ತಿಳಿಯಲಿಲ್ಲ ಅನ್ನುವುದು ಬೇರೆ, ಚಲೋ ಇಲ್ಲ ಅನ್ನುವುದು ಬೇರೆ. ನಿದ್ದೆ ಬಂದಿದ್ದರೆ ನಿದ್ದೆ ಬಂತು ಅನ್ನಿ. ನಮ್ಮ ಗದಗ ಸೀಮೆಯ ಮಾತನ್ನು ಪಿಚ್ಚರಿನವರು ಬರೀ ನಗೆಗೆ ಹಚ್ಚುತ್ತಾರೆ ಅಂತ ನಾವು ಸಿಟ್ಟಾಗುವುದಿಲ್ಲವೇ? ಹಾಗಿದ್ದಮೇಲೆ ಇನ್ನೊಂದು ಸೀಮೆಯ ಮಾತಿಗೆ ಹತ್ತು ನಿಮಿಷ ಕಿವಿ ಕೊಡುವ ತಾಳ್ಮೆ ನಮಗೂ ಇರಬೇಕು.

ಮಾವನವರ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಪಿಚ್ಚರ್ ಹೇಗಿದೆ ಅಂತ ಹೇಳುವುದನ್ನು ನನಗೆ ಕಲಿಸಿದವರು ಅವರು, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮಧ್ಯವಯಸ್ಸಿನಲ್ಲಿ ದೃಷ್ಟಿ ಹೋಯಿತು, ಹಾಡಿನ ಹುಚ್ಚು ಹೋಗಲಿಲ್ಲ. 1995ರಲ್ಲಿ ಚಿಂದೋಡಿ ಬಂಗಾರೇಶ್ ಅವರು ನಮ್ಮ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳ ಮೇಲೆ ಪಿಚ್ಚರ್ ಮಾಡಿದರಲ್ಲ, ಹಂಸಲೇಖ ಅವರಿಗೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು. ಆಗ ಪಂಚಾಕ್ಷರಿಗಳ ಶಿಷ್ಯ ಪುಟ್ಟರಾಜ ಗವಾಯಿಗಳು ಇನ್ನೂ ಇದ್ದರು. ಗದಗಿನವರಿಗೆ ಅದು ಮನೆಯ ಅಜ್ಜನ ಕಥೆಯಿದ್ದ ಹಾಗೆ. ನನ್ನನ್ನು ಕರೆದುಕೊಂಡು ಹೋಗವ್ವಾ ಅಂತ ಮಾವನವರು ಹಟ ಹಿಡಿದರು.

ಟಾಕೀಸಿನಲ್ಲಿ ಕೈ ಹಿಡಿದು ಕೂಡಿಸಿದೆ. ಹಾಡು ಬಂದಾಗ ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ಮಾತು ಬಂದಾಗ ಕಿವಿ ಮುಂದಕ್ಕೆ ಚಾಚುತ್ತಿದ್ದರು. ಹಾಡೂ ಇಲ್ಲದೆ ಮಾತೂ ಇಲ್ಲದೆ ಮಂದಿ ಸುಮ್ಮನಾದರೆ ನನ್ನ ಮೊಳಕೈ ತಿವಿದು, "ಈಗ ಏನು ನಡದೈತಿ?" ಅಂತ ಕೇಳುವರು. ನನಗೋ ಪರದೆ ಬಿಟ್ಟು ಕಣ್ಣು ಕೀಳಲು ಆಗದು. "ಬಾಳ ಚಲೋ ಐತ್ರಿ ಮಾವಾ" ಅಂದುಬಿಡುತ್ತಿದ್ದೆ. ಮೂರನೆಯ ಸಲಕ್ಕೆ ಸಿಟ್ಟು ಬಂತು ಅವರಿಗೆ. "ಚಲೋ ಅನ್ನೂದು ನನಗ ಕಾಣಂಗಿಲ್ಲವ್ವಾ. ತಂಬೂರಿ ಯಾರ ಕೈಯಾಗ ಐತಿ, ಮಾರಿ ಯಾವ ಕಡೆ ಐತಿ, ಅದನ್ನ ಹೇಳು."

ಅವತ್ತಿನಿಂದ ಹೇಳುತ್ತ ಬಂದೆ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಬೆಳಕು ಎತ್ತಲಿಂದ ಬಿದ್ದಿದೆ, ಯಾರ ಕಣ್ಣಲ್ಲಿ ನೀರು ತುಂಬಿ ನಿಂತಿದೆ. ಹಾಗೆ ಹೇಳಬೇಕಾದರೆ ಮೊದಲು ನಾನು ಸರಿಯಾಗಿ ನೋಡಬೇಕಿತ್ತು, ಅಲ್ಲಿಯ ತನಕ ನಾನು ಹೀರೋನ ಮುಖ ಬಿಟ್ಟು ಬೇರೆ ಏನನ್ನೂ ನೋಡಿದವಳೇ ಅಲ್ಲ. ನೀವೂ ಒಮ್ಮೆ ಹೀಗೆ ಮಾಡಿ ನೋಡಿ. ಕೇಳುವವರಿಗೆ ಕಣ್ಣಿಲ್ಲ ಅಂದುಕೊಂಡು ಒಂದೇ ಒಂದು ಸೀನು ಹೇಳಿ. ‘ಬಿಜಿಎಂ ಬೆಂಕಿ’ ಅನ್ನುವ ಬದಲು ಎಲ್ಲಿ ಬಾಜಾ ನಿಂತಿತು, ನಿಂತಾಗ ಮಂದಿ ಏನು ಮಾಡಿದರು ಅಂತ ಹೇಳಿ. ಸಪ್ಪೆ ಅನ್ನಿಸಿದ್ದರೆ ಇಂಟರ್ವಲ್ಲಿಗಿಂತ ಮುಂಚೆಯೋ ಆಮೇಲೋ ಹೇಳಿ.

ಹೀರೋನ ಹೆಸರು ಒಂದೇ ಹಿಡಿದುಕೊಂಡು ಜಪ ಮಾಡಬೇಡಿ. ಅಟ್ಟಿಕ್ಕಿದವಳಿಗಿಂತ ಬೊಟ್ಟಿಕ್ಕಿದವಳು ಮೇಲು ಅನ್ನುವ ಗಾದೆ ಪಿಚ್ಚರಿನ ಮಂದಿಗೇ ಹುಟ್ಟಿದ್ದೋ ಏನೋ. ಕಥೆ ಬರೆದವರು, ಕ್ಯಾಮೆರಾ ಹಿಡಿದವರು, ಎರಡೇ ನಿಮಿಷ ಬಂದು ಹೋದ ಆ ಮುದುಕಿ, ಇವರಲ್ಲಿ ಒಬ್ಬರ ಹೆಸರನ್ನಾದರೂ ಹುಡುಕಿ ಇಟ್ಟುಕೊಳ್ಳಿ. ಇನ್ನು ನಿಮ್ಮ ಹೀರೋ, ಅವರ ಹೀರೋ ಅಂತ ಕಟ್ಟೆ ಮೇಲೆ ಅಂಗಿ ಹಿಡಿದು ಎಳೆದಾಡುವವರಿಗೆ ನನ್ನಲ್ಲಿ ರೊಟ್ಟಿ ಇಲ್ಲ. ಅದರ ಬಗ್ಗೆ ಹೆಚ್ಚು ಹೇಳುವ ಮನಸ್ಸೂ ಇಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗುವವರು "ಫ್ಯಾಮಿಲಿ ಪಿಚ್ಚರಾ?" ಅಂತ ನಿಮ್ಮನ್ನು ಕೇಳಿದರೆ ಸುಮ್ಮನೆ ಹೂಂ ಅನ್ನಬೇಡಿ. ಈಗ ಸರ್ಟಿಫಿಕೇಟಿನಲ್ಲೇ ಯು/ಎ 7+, 13+, 16+ ಅಂತ ವಯಸ್ಸು ಬರೆದಿರುತ್ತಾರೆ, 2024ರ ನಿಯಮದಿಂದ ಬಂದದ್ದು. ಪಿಚ್ಚರ್ ಸುರುವಾಗುವ ಮುಂಚೆ ಪರದೆ ಮೇಲೆ ಬರುವ ಆ ಕಾಗದ ಓದಿಕೊಳ್ಳಿ. ರಕ್ತ ಜಾಸ್ತಿ ಇದೆ, ಬೈಗುಳ ಇದೆ ಅಂತ ನೀವು ಒಂದು ಮಾತು ಮುಂಚೆ ಹೇಳಿದರೆ ಆ ತಾಯಿ ನಿಮ್ಮನ್ನು ನೆನೆಸುತ್ತಾಳೆ.

ಮತ್ತೆ ಆ ಮೊಬೈಲು. ಪರದೆಯ ಮೇಲೆ ಹೀರೋ ಬಂದ ಕೂಡಲೇ ನಿಮ್ಮ ಕೈ ಮೇಲೆ ಹೋಗುತ್ತದೆ, ಹಿಂದೆ ಕೂತವರ ಕಣ್ಣಿಗೆ ನಿಮ್ಮ ಮೊಬೈಲಿನ ಬೆಳಕು. ಸ್ಟೇಟಸ್ಸಿಗೆ ಅರ್ಧ ನಿಮಿಷ ಅಷ್ಟೇ ಅಂತೀರಿ. ಟಾಕೀಸಿನಲ್ಲಿ ಪಿಚ್ಚರನ್ನು ಕದ್ದು ಚಿತ್ರೀಕರಿಸುವುದು, ಅದು ಒಂದು ತುಣುಕೇ ಇರಲಿ, 2023ರ ಕಾನೂನು ತಿದ್ದುಪಡಿಯ ಪ್ರಕಾರ ಅಪರಾಧ. ಕಡಿಮೆ ಅಂದರೆ 3 ತಿಂಗಳು ಜೈಲು, 3 ಲಕ್ಷ ರೂಪಾಯಿ ದಂಡ. ಹೆಚ್ಚು ಅಂದರೆ 3 ವರ್ಷ, ದಂಡ ಪಿಚ್ಚರಿಗೆ ಹಾಕಿದ ಖರ್ಚಿನ ಶೇಕಡಾ 5ರ ತನಕ ಏರಬಹುದು. ನಿಮ್ಮ ಅಪ್ಪ ಶೇಂಗಾ ಮಾರಿ ಕೂಡಿಟ್ಟದ್ದು ಅರ್ಧ ನಿಮಿಷದ ಸ್ಟೇಟಸ್ಸಿಗೆ ಹೋಗಬೇಕೇ? ಕಿಸೆಯಲ್ಲಿ ಇಡಿ ಅದನ್ನು.

ಕೊನೆಯದಾಗಿ, ಕೊನೆಯನ್ನು ಹೇಳಬೇಡಿ. 2015ರ ಜುಲೈ 3ಕ್ಕೆ ‘ರಂಗಿತರಂಗ’ ಬಂತು. ವಾರ ತುಂಬುವಷ್ಟರಲ್ಲಿ ‘ಬಾಹುಬಲಿ’ ಬಂತು, ಕೆಲವು ಕಡೆ ಇದನ್ನು ತೆಗೆದು ಅದನ್ನು ಹಾಕಿದರು. ಆದರೂ ನೋಡಿದವರ ಬಾಯಿಮಾತಿನ ಮೇಲೆ ಅದು ತಳ ಊರಿ ನಿಂತು ಓಡಿತು. ನಾನೂ ರೊಟ್ಟಿ ಕೆಲಸ ಬೇಗ ಮುಗಿಸಿ, ಹೊಸ ಇಳಕಲ್ ಸೀರೆ ಉಟ್ಟು, ಅಣ್ಣನ ಮಗನ ಜೊತೆ ಟಂಟಂ ಹತ್ತಿದೆ. ಅವನು ಆಗಲೇ ಒಮ್ಮೆ ನೋಡಿದ್ದ. ಪೀಪಿ ಹಾರ್ನಿನ ಸದ್ದಿನಲ್ಲಿ ನನ್ನ ಕಿವಿಗೆ ಬಾಯಿ ಹಚ್ಚಿ, ಬಹಳ ಪ್ರೀತಿಯಿಂದ, "ಅತ್ತೀ, ನೀ ಬಾಳ ತಲಿ ಕೆಡಿಸ್ಕೋಬ್ಯಾಡ, ಎಲ್ಲಾ ಮಾಡಿದಾವ..." ಅಂದು ಹೆಸರು ಹೇಳಿಯೇಬಿಟ್ಟ.

ಎರಡೂವರೆ ತಾಸು ಆ ಒಬ್ಬನ ಮುಖ ಬಿಟ್ಟು ನನಗೆ ಏನೂ ಕಾಣಲಿಲ್ಲ. ಮಂದಿ ಬೆಚ್ಚಿದಾಗ ನಾನು ಶೇಂಗಾ ಸುಲಿಯುತ್ತಿದ್ದೆ. ಹುಡುಗನಿಗೆ ಮದುವೆಯಾಗಿ ಎರಡು ಮಕ್ಕಳಾಗಿವೆ, ಇವತ್ತಿಗೂ ಪಿಚ್ಚರ್ ಮಾತು ಎತ್ತಿದನೆಂದರೆ ನಾನು ಸೆರಗಿನಿಂದ ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತೇನೆ. ಆ ಮಾಡಿದಾವ ಯಾರು ಅಂತ ನೀವು ಕೇಳಬೇಡಿ, ನಾನು ಹೇಳುವುದಿಲ್ಲ.