ಜಿಗಿಯುವ ಲೋಲಕ: ವಿಡಿಯೊ ಪರಿವರ್ತನೆಯಲ್ಲಿ ನಾನು ಕಲಿತ ಪಾಠ

ಸಂದರ್ಭ

ಬೋಧನಾಭ್ಯಾಸದ ಎರಡನೆಯ ವಾರ ಏಳನೆಯ ತರಗತಿಗೆ ಸರಳ ಲೋಲಕದ ಪಾಠವಿತ್ತು. ಗುಂಡು ಹಿಂದಿನ ಬೆಂಚಿಗೆ ಕಾಣುವುದಿಲ್ಲವೆಂದು ಒಂದು ಮೀಟರ್ ಉದ್ದದ ಲೋಲಕವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಶಾಲೆಯ ಕಂಪ್ಯೂಟರಿಗೆ ಭಾರವಾದೀತೆಂದು ಹಿಂದಿನ ರಾತ್ರಿ ಆ ಎಂಪಿ4 ಫೈಲನ್ನು ಎವಿಐ ಆಗಿ ಪರಿವರ್ತಿಸಿದೆ.

ತರಗತಿಯಲ್ಲಿ ವಿಡಿಯೊ ತಡೆತಡೆದು ಓಡಿತು. "ಮಿಸ್, ಗುಂಡು ಯಾಕೆ ಜಿಗೀತಾ ಹೋಗುತ್ತೆ?" ಎಂದು ಒಬ್ಬ ಹುಡುಗಿ ಕೇಳಿದಳು. "ಕಂಪ್ಯೂಟರ್ ಹಳೇದಮ್ಮ" ಎಂದು ಹೇಳಿ ಮುಂದೆ ಹೋದೆ. ಸಂಜೆ ಪುಸ್ತಕ ತಿದ್ದುವಾಗ ಹಲವರು 'ಲೋಲಕವು ಜಿಗಿಯುತ್ತಾ ಚಲಿಸುತ್ತದೆ' ಎಂದು ಬರೆದಿದ್ದರು. ಅವರು ಕಂಡದ್ದನ್ನೇ ಬರೆದಿದ್ದರು. ತಪ್ಪು ನನ್ನದು.

ಕಾರಣದ ಹುಡುಕಾಟ

ಮೊದಲು ಬಿಟ್‌ರೇಟ್ ಹೆಚ್ಚಿಸಿ ಮತ್ತೆ ಪರಿವರ್ತಿಸಿದೆ. ಚಿತ್ರ ಸ್ಪಷ್ಟವಾಯಿತು, ಜಿಗಿತ ಹೋಗಲಿಲ್ಲ. ಆಮೇಲೆ ಪ್ರಯೋಗಶಾಲೆಯ ಕ್ರಮವನ್ನೇ ಅನುಸರಿಸಿದೆ: ಒಂದನ್ನು ಮಾತ್ರ ಬದಲಿಸಿ, ಉಳಿದುದನ್ನು ಹಾಗೆಯೇ ಇಡುವುದು. ಅದೇ ಕಂಪ್ಯೂಟರಿನಲ್ಲಿ, ಅದೇ ವಿಎಲ್‌ಸಿ ಪ್ಲೇಯರಿನಲ್ಲಿ ಮೂಲ ಫೈಲನ್ನು ಹಾಕಿದೆ. ಅದು ಸರಾಗವಾಗಿ ಓಡಿತು. ಅಂದರೆ ದೋಷ ಕಂಪ್ಯೂಟರಿನದಲ್ಲ, ಪರಿವರ್ತನೆಯದು.

ವಿಎಲ್‌ಸಿಯ ಟೂಲ್ಸ್ ಪಟ್ಟಿಯಲ್ಲಿ ಕೋಡೆಕ್ ಮಾಹಿತಿ ತೆರೆದಾಗ ಗುಟ್ಟು ತಿಳಿಯಿತು. ಮೂಲದಲ್ಲಿ ಸೆಕೆಂಡಿಗೆ 30 ಚಿತ್ರಗಳು, ಹೊಸದರಲ್ಲಿ 25. ನಾನು ಆರಿಸಿದ್ದು ಟಿವಿಗಾಗಿ ಇರುವ ಸಿದ್ಧ ಆಯ್ಕೆ. ನಮ್ಮ ದೇಶದ ಹಳೆಯ ಟಿವಿ ಪದ್ಧತಿ ಸೆಕೆಂಡಿಗೆ 25 ಚಿತ್ರಗಳದು.

ಲೆಕ್ಕ ಸುಲಭ. ಒಂದು ಮೀಟರ್ ಲೋಲಕದ ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡು. ಮೂಲದಲ್ಲಿ ಅದಕ್ಕೆ 60 ಚಿತ್ರಗಳಿದ್ದರೆ ಹೊಸದರಲ್ಲಿ 50. ಪ್ರತಿ ಆರರಲ್ಲಿ ಒಂದು ಚಿತ್ರ ಬಿದ್ದುಹೋಗಿದೆ. ಕೀಲಿಮಣೆಯ 'ಇ' ಒತ್ತಿದರೆ ವಿಎಲ್‌ಸಿ ಒಂದೊಂದೇ ಚಿತ್ರ ಮುಂದೆ ಹೋಗುತ್ತದೆ. ಒತ್ತಿ ನೋಡಿದೆ: ಪ್ರತಿ ಐದನೆಯ ಸಲಕ್ಕೆ ಗುಂಡು ಸುಮಾರು ಎರಡು ಪಟ್ಟು ದೂರ ಸರಿಯುತ್ತಿತ್ತು. 20 ಆಂದೋಲನಗಳ ಕಾಲ ಮಾತ್ರ ಎರಡರಲ್ಲೂ ಸುಮಾರು 40 ಸೆಕೆಂಡೇ. ಕಾಲ ಕೆಟ್ಟಿರಲಿಲ್ಲ, ಚಲನೆ ಕೆಟ್ಟಿತ್ತು.

ಪರಿಹಾರ

1. ಪರಿವರ್ತನೆ ಯಾವಾಗಲೂ ಮೂಲ ಫೈಲಿನಿಂದಲೇ ಆಗಲಿ. ಬಿದ್ದ ಚಿತ್ರಗಳು ಕೆಟ್ಟ ಪ್ರತಿಯಿಂದ ಮರಳಿ ಬರುವುದಿಲ್ಲ.
2. ಹ್ಯಾಂಡ್‌ಬ್ರೇಕ್ ತಂತ್ರಾಂಶದ ವಿಡಿಯೊ ವಿಭಾಗದಲ್ಲಿ ಫ್ರೇಮ್‌ರೇಟ್ ಅನ್ನು 'ಸೇಮ್ ಆ್ಯಸ್ ಸೋರ್ಸ್' ಎಂದು ಇಡಿ.
3. ಮೊಬೈಲುಗಳು ಬೆಳಕು ಕಡಿಮೆಯಾದಾಗ ಫ್ರೇಮ್‌ರೇಟ್ ಇಳಿಸುವುದುಂಟು. ಒಂದೇ ವಿಡಿಯೊದಲ್ಲಿ ಅದು ಏರಿಳಿಯುತ್ತದೆ. ಆದ್ದರಿಂದ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ. ಚಿತ್ರೀಕರಣವನ್ನು ಒಳ್ಳೆಯ ಬೆಳಕಿನಲ್ಲಿ ಮಾಡಿ.
4. ಮೂಲ ಫೈಲೇ ತಡೆದರೆ ಆಗ ಕಂಪ್ಯೂಟರಿಗೆ ಹೊರೆಯಾಗಿದೆ ಎಂದು ತಿಳಿಯಿರಿ. ಎಚ್.265 ಇದ್ದರೆ ಎಚ್.264ಕ್ಕೆ, 1080 ಇದ್ದರೆ 720ಕ್ಕೆ ಇಳಿಸಿ. ಪೆನ್‌ಡ್ರೈವಿನಿಂದ ನೇರ ಓಡಿಸದೆ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ.
5. ತರಗತಿಗೆ ಮುನ್ನ ಅದೇ ಕಂಪ್ಯೂಟರಿನಲ್ಲಿ ಒಮ್ಮೆ ಪೂರ್ತಿ ನೋಡಿ.

ಮರುಪಾಠ

ಮರುದಿನ ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದು ಹತ್ತು ನಿಮಿಷ ಕೇಳಿಕೊಂಡೆ. "ನಿನ್ನೆ ನಾನು ತೋರಿಸಿದ್ದರಲ್ಲೇ ತಪ್ಪಿತ್ತು" ಎಂದು ಹೇಳಿ ಎರಡೂ ವಿಡಿಯೊಗಳನ್ನು ಓಡಿಸಿದೆ, ಪಕ್ಕದಲ್ಲಿ ನಿಜವಾದ ಲೋಲಕವನ್ನೂ ತೂಗಿಬಿಟ್ಟೆ. ಯಾವುದು ಲೋಲಕವನ್ನು ಹೋಲುತ್ತದೆ ಎಂದು ಮಕ್ಕಳೇ ಹೇಳಿದರು. ಪ್ರಶ್ನೆ ಕೇಳಿದ ಹುಡುಗಿ, "ಹಂಗಾದ್ರೆ ನಾನು ನೋಡಿದ್ದು ಸರೀನೇ ಅಲ್ವಾ ಮಿಸ್?" ಎಂದಳು. ಹೌದು, ಅವಳು ನೋಡಿದ್ದು ಸರಿಯಾಗಿತ್ತು. ಮುಂದಿನ ಪಾಠಯೋಜನೆಯ ಕಲಿಕೋಪಕರಣಗಳ ಸಾಲಿನಲ್ಲಿ 'ವಿಡಿಯೊ' ಎಂದು ಬರೆದು, ಪಕ್ಕದಲ್ಲಿ 'ಪರೀಕ್ಷಿಸಿದೆ' ಎಂದೂ ಸೇರಿಸಿದೆ.