ಪ್ರಯಾಣದ ಅಂತರ, ಹಾರಾಟದ ಅವಧಿ ಮತ್ತು ಉಳಿತಾಯದ ಲೆಕ್ಕ: ಮೈಸೂರು–ಬೆಳಗಾವಿ ಒಂದು ನಿದರ್ಶನ

ಸಣ್ಣ ಉದ್ದಿಮೆಗಳಲ್ಲಿ ಪ್ರಯಾಣದ ವೆಚ್ಚವನ್ನು ಪರಿಶೀಲಿಸುವಾಗ ಟಿಕೆಟ್ ದರವೊಂದನ್ನೇ ನೋಡುವುದು ರೂಢಿ. ಆದರೆ ವಿಮಾನ ಪ್ರಯಾಣಿಕರು ಕೊಳ್ಳುವುದು ಸಮಯವನ್ನು. ಆದ್ದರಿಂದ ಉಳಿತಾಯವಾದ ಪ್ರತಿ ಗಂಟೆಗೆ ತೆತ್ತ ಬೆಲೆ ಎಷ್ಟು ಎಂಬುದೇ ಸರಿಯಾದ ಅಳತೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಿಂದ ಎರಕದ ಬಿಡಿಭಾಗಗಳನ್ನು ತರಿಸುವ ಮೈಸೂರಿನ ತಯಾರಕರೊಬ್ಬರ ಪ್ರಯಾಣವನ್ನು ನಿದರ್ಶನವಾಗಿ ಪರಿಗಣಿಸಬಹುದು.

1. ಅಂತರ

ಮೈಸೂರಿನ ಮಂಡಕಳ್ಳಿ ಹಾಗೂ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಗಳ ನಡುವಿನ ನೇರ ವಾಯು ಅಂತರ ಸುಮಾರು 460 ಕಿ.ಮೀ.; ಅಂದರೆ 248 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ರಸ್ತೆಯ ಅಂತರ 500 ಕಿ.ಮೀ.ಗೂ ಅಧಿಕ.

2. ಹಾರಾಟದ ಅವಧಿ

ಪ್ರಾದೇಶಿಕ ಮಾರ್ಗಗಳಲ್ಲಿ ಬಳಕೆಯಲ್ಲಿರುವ ಎಟಿಆರ್-72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆ ಪ್ರಕಾರ 55 ನಿಮಿಷ ಸಾಕು. ಆದರೆ ವೇಳಾಪಟ್ಟಿಯ ಅವಧಿಯು ವಿಮಾನವು ನಿಲುಗಡೆಯ ಸ್ಥಳ ಬಿಟ್ಟಾಗಿನಿಂದ ಮತ್ತೊಂದು ನಿಲುಗಡೆ ಸೇರುವವರೆಗಿನದು. ಏರಿಕೆ, ಇಳಿಕೆ ಹಾಗೂ ನೆಲದ ಮೇಲಿನ ಓಡಾಟಕ್ಕೆ 20 ನಿಮಿಷ ಸೇರಿಸಿದರೆ 75 ನಿಮಿಷವಾಗುವುದು.

3. ಮನೆಯಿಂದ ಕಾರ್ಖಾನೆಯವರೆಗೆ

ನಿಲ್ದಾಣ ತಲುಪಲು 30 ನಿಮಿಷ, ಅಲ್ಲಿನ ತಪಾಸಣೆ ಮತ್ತು ಕಾಯುವಿಕೆಗೆ 75, ಹಾರಾಟಕ್ಕೆ 75, ಇಳಿದು ಉದ್ಯಮಬಾಗ ಸೇರಲು 60 ನಿಮಿಷ. ಒಟ್ಟು 4 ಗಂಟೆ. ರಸ್ತೆಯಲ್ಲಿ 10 ಗಂಟೆ ಎಂದಿಟ್ಟುಕೊಂಡರೆ ಉಳಿತಾಯ 6 ಗಂಟೆ.

ನೇರ ವಿಮಾನವಿಲ್ಲದಿದ್ದಲ್ಲಿ ದೇವನಹಳ್ಳಿಗೆ ಹೋಗಬೇಕು. ಅಲ್ಲಿಂದ ಬೆಳಗಾವಿಗೆ ವಾಯು ಅಂತರ ಸುಮಾರು 445 ಕಿ.ಮೀ.; ಹಾರಾಟದ ಅವಧಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಮೈಸೂರಿನಿಂದ ದೇವನಹಳ್ಳಿಗೆ 4 ಗಂಟೆ ಬೇಕಾಗುವುದರಿಂದ ಒಟ್ಟು ಏಳೂವರೆ ಗಂಟೆಯಾಗಿ, ಉಳಿತಾಯ ಎರಡೂವರೆ ಗಂಟೆಗೆ ಇಳಿಯುವುದು.

4. ಗಂಟೆಯ ಬೆಲೆ

ರಸ್ತೆ ಪ್ರಯಾಣಕ್ಕಿಂತ ನೇರ ವಿಮಾನಕ್ಕೆ ರೂ. 4,800, ದೇವನಹಳ್ಳಿ ಮಾರ್ಗಕ್ಕೆ ರೂ. 6,000 ಅಧಿಕ ವೆಚ್ಚವೆಂದು ಭಾವಿಸೋಣ. ಮೊದಲನೆಯದರಲ್ಲಿ ಉಳಿದ ಗಂಟೆಗೆ ರೂ. 800, ಎರಡನೆಯದರಲ್ಲಿ ರೂ. 2,400 ತೆತ್ತಂತಾಯಿತು. ಮಾಲೀಕರ ಒಂದು ಗಂಟೆಯ ದುಡಿಮೆಯ ಮೌಲ್ಯ ರೂ. 1,000 ಆಗಿದ್ದಲ್ಲಿ ಮೊದಲನೆಯದು ಲಾಭಕರ, ಎರಡನೆಯದು ನಷ್ಟ. ರಾತ್ರಿ ರೈಲು ಅಥವಾ ಬಸ್ಸಿನಲ್ಲಿ ಸಾಗಿದರೆ ದುಡಿಮೆಯ ಗಂಟೆಗಳು ಬಹುಪಾಲು ನಷ್ಟವಾಗುವುದಿಲ್ಲ. ವಿಮಾನದ ಅನುಕೂಲವೂ ಅಷ್ಟರಮಟ್ಟಿಗೆ ಕುಗ್ಗುವುದು.

5. ಸೇವೆಯ ಸ್ಥಿರತೆ

ಟ್ರೂಜೆಟ್ ಸಂಸ್ಥೆಯು ಈ ಎರಡು ನಗರಗಳ ನಡುವೆ ಉಡಾನ್ ಯೋಜನೆಯಡಿ ನೇರ ವಿಮಾನ ನಡೆಸಿತ್ತು. 2022ರಲ್ಲಿ ಆ ಸಂಸ್ಥೆಯ ಹಾರಾಟವೇ ಸ್ಥಗಿತಗೊಂಡಿತು. ಉಡಾನ್ ಮಾರ್ಗಗಳಿಗೆ ಸರ್ಕಾರದ ಸಹಾಯಧನ ದೊರೆಯುವುದು ಮೂರು ವರ್ಷಗಳ ಅವಧಿಗೆ ಮಾತ್ರ. ಆದ್ದರಿಂದ ನೇರ ವಿಮಾನವನ್ನೇ ನಂಬಿ ಸರಬರಾಜಿನ ಗಡುವು ಒಪ್ಪಿಕೊಳ್ಳುವುದು ಕ್ಷೇಮವಲ್ಲ.

6. ತೆರಿಗೆ

ಸಾಮಾನ್ಯ ದರ್ಜೆಯ ವಿಮಾನ ಟಿಕೆಟ್ಟಿಗೆ ಜಿಎಸ್‌ಟಿ ಶೇ. 5. ವ್ಯವಹಾರದ ಪ್ರಯಾಣವಾದಲ್ಲಿ ನೋಂದಾಯಿತ ವರ್ತಕರು ನಿಯಮಾನುಸಾರ ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು. ಟಿಕೆಟ್ ಕಾಯ್ದಿರಿಸುವಾಗಲೇ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸತಕ್ಕದ್ದು.

ಒಟ್ಟಿನಲ್ಲಿ, ಹಾರಾಟದ 75 ನಿಮಿಷ ಎರಡೂ ಮಾರ್ಗಗಳಲ್ಲಿ ಒಂದೇ. ಲಾಭ-ನಷ್ಟವನ್ನು ನಿರ್ಧರಿಸುವುದು ನೆಲದ ಮೇಲೆ ಕಳೆಯುವ ಗಂಟೆಗಳು. ಪ್ರಯಾಣದ ಮಂಜೂರಾತಿಗೆ ಮುನ್ನ ಆ ಗಂಟೆಗಳನ್ನು ಎಣಿಸುವ ಪರಿಪಾಠ ಪ್ರತಿಯೊಂದು ಸಂಸ್ಥೆಗೂ ಹಿತಕರ.